ಬಿಡುವುದು, ಕೈಬಿಡುವುದು

ಬಕೆಟ್ಟು ಸದ್ದು ನಿಲ್ಲಿಸಿದ್ದು ಐದನೆಯ ದಿನ. ಅದಕ್ಕೆ ಮೊದಲು ಮೂರು ದಿನ ಹಗಲೂ ರಾತ್ರಿ ಗುಳುಕ್ ಗುಳುಕ್ ಎನ್ನುತ್ತಲೇ ಇತ್ತು. ನನ್ನ ಕೋಣೆಯ ಮೂಲೆಯಲ್ಲಿಟ್ಟಿದ್ದ ಆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಇದ್ದದ್ದು 23 ಲೀಟರ್ ಬಿಯರ್. ಸರಿಯಾಗಿ ಹೇಳಬೇಕೆಂದರೆ, ಬಿಯರ್ ಆಗಬೇಕಾಗಿದ್ದ ಸಿಹಿನೀರು. ಎಡಿನ್‌ಬರೋದಲ್ಲಿ ಅದು ನವೆಂಬರ್ ಮೊದಲ ವಾರ. ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ನಾವಿರುವುದು ಹಳೆಯ ಕಲ್ಲುಕಟ್ಟಡದ ಮೂರನೆಯ ಮಹಡಿಯಲ್ಲಿ. ಎತ್ತರದ ಚಾವಣಿ, ಗಾಳಿ ನುಸುಳುವ ಕಿಟಕಿಗಳು. ಗ್ಯಾಸಿನ ಬಿಲ್ಲಿಗೆ ಹೆದರಿ ದಿನಕ್ಕೆ ಎರಡು ಗಂಟೆ ಮಾತ್ರ ಹೀಟರ್ ಹಾಕುತ್ತಿದ್ದೆವು. ಕೋಣೆಯ ಉಷ್ಣಾಂಶ 14 ಡಿಗ್ರಿ.

ಸದ್ದು ನಿಂತ ರಾತ್ರಿ ಹಾಸಿಗೆಯಲ್ಲಿ ಕೂತು ಬಕೆಟ್ಟನ್ನೇ ನೋಡುತ್ತಾ ಅಂದುಕೊಂಡೆ: ಬಿಟ್ಟುಬಿಡೋಣ, ಅದರ ಪಾಡಿಗೆ ಅದಿರಲಿ. ಹಾಗೆ ಅಂದುಕೊಂಡಾಗ ನನ್ನ ತಾಳ್ಮೆಯ ಬಗ್ಗೆ ನನಗೇ ಒಂದು ಬಗೆಯ ಮೆಚ್ಚುಗೆಯೂ ಮೂಡಿತು. ಆ ಮೆಚ್ಚುಗೆ ಎಷ್ಟು ನಿಜವಾಗಿತ್ತು ಎಂಬುದೇ ಈ ಬರಹದ ಪ್ರಶ್ನೆ.

ಬಿಯರ್ ಮಾಡುವ ಕಿಟ್ ನನ್ನ ಹುಟ್ಟುಹಬ್ಬಕ್ಕೆ ಬಂದ ಉಡುಗೊರೆ. ಕೊಟ್ಟವಳು ನನ್ನ ಜೊತೆ ಮನೆ ಹಂಚಿಕೊಂಡಿರುವ ಗೆಳತಿ, ಇದೇ ಸ್ಕಾಟ್ಲೆಂಡಿನವಳು. ಅವಳ ಅಪ್ಪ ಚಳಿಗಾಲವಿಡೀ ಗ್ಯಾರೇಜಿನಲ್ಲಿ ಬಿಯರ್ ಮಾಡುತ್ತಿದ್ದವರಂತೆ. ಬ್ರಿಟನ್ನಿನಲ್ಲಿ 1963ರಿಂದ ಮನೆಬಳಕೆಗೆ ಬಿಯರ್ ಮಾಡಿಕೊಳ್ಳಲು ಪರವಾನಗಿ ಬೇಕಿಲ್ಲ, ಮಾರುವಂತಿಲ್ಲ ಅಷ್ಟೆ. ನಮ್ಮೂರಲ್ಲಾದರೆ ಅಬಕಾರಿಯವರು ಬಂದು ಬಾಗಿಲು ತಟ್ಟುತ್ತಾರೆ. ಕಿಟ್ಟಿನಲ್ಲಿ ಬಹಳವೇನೂ ಇಲ್ಲ. ಒಂದು ಡಬ್ಬಿಯಲ್ಲಿ 1.7 ಕೆ.ಜಿ. ಮಾಲ್ಟಿನ ಪಾಕ, ನೋಡಲು ಥೇಟ್ ನಮ್ಮ ಜೋನಿಬೆಲ್ಲ. ಕಹಿಗೆ ಬೇಕಾದ ಹಾಪ್ಸ್ ಅದರಲ್ಲೇ ಸೇರಿರುತ್ತದೆ. ಒಂದು ಪುಟ್ಟ ಪೊಟ್ಟಣ ಯೀಸ್ಟ್. ಪಾಕವನ್ನು ಬಿಸಿನೀರಿನಲ್ಲಿ ಕರಗಿಸಿ, ಒಂದು ಕೆ.ಜಿ. ಸಕ್ಕರೆ ಬೆರೆಸಿ, ತಣ್ಣೀರು ಸುರಿದು 23 ಲೀಟರಿಗೆ ತಂದು, ಯೀಸ್ಟ್ ಉದುರಿಸಿ, ಮುಚ್ಚಳ ಹಾಕಬೇಕು. ಮುಚ್ಚಳದ ಮೇಲೆ ಏರ್‌ಲಾಕ್ ಎಂಬ ಸಣ್ಣ ಕೊಳವೆ, ಅದರೊಳಗೆ ಎರಡು ಚಮಚ ನೀರು. ಒಳಗಿನ ಗಾಳಿ ಗುಳ್ಳೆಯಾಗಿ ಹೊರಗೆ ಹೋಗಬಹುದು, ಹೊರಗಿನದು ಒಳಗೆ ಬರುವಂತಿಲ್ಲ. ಯೀಸ್ಟ್ ಸಕ್ಕರೆ ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಗುಳುಕ್ ಎನ್ನುವುದು ಆ ಅನಿಲ.

ಅಲ್ಲಿಂದ ಮುಂದೆ ಮಾಡುವುದಕ್ಕೇನೂ ಇಲ್ಲ. ಮುಚ್ಚಳ ತೆಗೆಯಬೇಡ ಎನ್ನುವುದೇ ಮುಖ್ಯ ಸೂಚನೆ. ತೆಗೆದರೆ ಗಾಳಿಯಲ್ಲಿರುವ ಬೇರೆ ಸೂಕ್ಷ್ಮಜೀವಿಗಳು ಒಳಗೆ ಬಿದ್ದು ಬಿಯರ್ ಹುಳಿಯಾಗಬಹುದು. ಲೂಯಿ ಪಾಶ್ಚರ್ 1876ರಲ್ಲಿ ಬಿಯರ್ ಬಗ್ಗೆಯೇ ಒಂದು ಇಡೀ ಪುಸ್ತಕ ಬರೆದು ತೋರಿಸಿದ್ದು ಇದನ್ನೇ. ನನಗೆ ಇದು ಹೊಸ ಪಾಠವಾಗಿರಲಿಲ್ಲ. ಕೊಪ್ಪದ ನಮ್ಮ ಮನೆಯಲ್ಲಿ ಅಜ್ಜಿ ಹಾಲಿಗೆ ಹೆಪ್ಪು ಹಾಕಿದ ಮೇಲೆ ಪಾತ್ರೆಯ ಹತ್ತಿರ ಸುಳಿಯಲು ಬಿಡುತ್ತಿರಲಿಲ್ಲ. ಮುಟ್ಟಿದರೆ ಒಡೆಯುತ್ತದೆ, ಅದರ ಪಾಡಿಗೆ ಬಿಡು ಎಂದು ಗದರುತ್ತಿದ್ದಳು. ತಾಳ್ಮೆ ಎಂದರೆ ಕೈಕಟ್ಟಿ ಕೂರುವುದು ಎಂದು ನಾನು ಕಲಿತದ್ದು ಅಲ್ಲಿ. ಅರ್ಧ ಮಾತ್ರ ಕಲಿತಿದ್ದೆ ಎಂದು ಗೊತ್ತಾದದ್ದು ಈಗ.

ಈ ಪಾಠವನ್ನೇ ನಾನು ನನ್ನ ಸಂಶೋಧನೆಯಲ್ಲೂ ದೊಡ್ಡ ಮಾತುಗಳಲ್ಲಿ ಬರೆಯುತ್ತಿದ್ದೇನೆ. ನನ್ನದು ನೀತಿಶಾಸ್ತ್ರ. ಒಬ್ಬರ ಒಳಿತಿನ ಹೆಸರಿನಲ್ಲಿ ಅವರ ಬದುಕಿನಲ್ಲಿ ತಲೆಹಾಕುವುದು ಯಾವಾಗ ಸರಿ, ಯಾವಾಗ ತಪ್ಪು ಎನ್ನುವುದು ನನ್ನ ಪ್ರಬಂಧದ ವಿಷಯ. ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಪ್ರಕಟಿಸಿದ ಸ್ವಾತಂತ್ರ್ಯದ ಕುರಿತ ಪುಸ್ತಕ ಮೂರು ವರ್ಷದಿಂದ ನನ್ನ ಮೇಜಿನ ಮೇಲಿದೆ. ಬೇರೆಯವರಿಗೆ ಹಾನಿಯಾಗದಿದ್ದಲ್ಲಿ, ವಯಸ್ಸಿಗೆ ಬಂದ ಮನುಷ್ಯನನ್ನು ಅವನ ಒಳಿತಿಗೆಂದೇ ಬಲವಂತಪಡಿಸುವ ಹಕ್ಕು ಯಾರಿಗೂ ಇಲ್ಲ ಎನ್ನುವುದು ಮಿಲ್‌ನ ವಾದದ ತಿರುಳು. ಮಕ್ಕಳ ಓದು, ಮದುವೆ, ಕೆಲಸ ಎಲ್ಲವನ್ನೂ ಮನೆಮಂದಿಯೆಲ್ಲ ಕೂತು ತೀರ್ಮಾನಿಸುವ ಕಡೆಯಿಂದ ಬಂದ ನನಗೆ ಆ ವಾದ ಉಸಿರಾಡಲು ಸಿಕ್ಕ ಕಿಟಕಿಯಂತಿತ್ತು. ಈಗಲೂ ಇದೆ.

ಆದ್ದರಿಂದ ಕಳೆದ ಜುಲೈಯಿಂದ ಅಮ್ಮ ಫೋನಿನಲ್ಲಿ ತಮ್ಮನ ಬಗ್ಗೆ ಹೇಳಿದಾಗಲೆಲ್ಲ ನನ್ನ ಬಳಿ ಉತ್ತರ ಸಿದ್ಧವಿತ್ತು. ಅವನು ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ಎರಡು ವಿಷಯ ಉಳಿಸಿಕೊಂಡು ಊರಿಗೆ ಬಂದಿದ್ದ. ಅಟ್ಟದ ಮೇಲಿನ ಕೋಣೆ ಬಿಟ್ಟು ಇಳಿಯುತ್ತಿರಲಿಲ್ಲ. "ಊಟಕ್ಕೆ ಮಾತ್ರ ಕೆಳಗೆ ಬರ್ತಾನೆ. ಕೇಳಿದ್ರೆ ಚೆನ್ನಾಗಿದೀನಿ ಅಂತಾನೆ. ನೀನಾದ್ರೂ ಮಾತಾಡೇ" ಎನ್ನುತ್ತಿದ್ದಳು ಅಮ್ಮ. "ಅವನಿಗೆ ಇಪ್ಪತ್ತಮೂರು ವರ್ಷ ಆಯ್ತಮ್ಮ. ಅವನ ಪಾಡಿಗೆ ಅವನನ್ನ ಬಿಡು" ಎನ್ನುತ್ತಿದ್ದೆ ನಾನು. ಸೆಪ್ಟೆಂಬರಿನಲ್ಲಿ ಆ ಎರಡು ಪರೀಕ್ಷೆ ಬರೆದು ಬಂದನಂತೆ. ಒಳ್ಳೆಯದಾಯಿತು ಎಂದುಕೊಂಡೆ. ನಾನಾಗಿ ಅವನಿಗೆ ಫೋನ್ ಮಾಡಲಿಲ್ಲ. ಕೇಳಿದ್ದರೆ, ಅವನ ಸ್ವಾಯತ್ತತೆಯನ್ನು ಗೌರವಿಸುತ್ತಿದ್ದೇನೆ ಎಂದು ಹೇಳುತ್ತಿದ್ದೆ. ಪ್ರಬಂಧದಲ್ಲಿ ಆ ಪದವನ್ನು ಅಷ್ಟು ಸಲ ಬರೆದಿದ್ದೆ.

ಬಕೆಟ್ಟಿನ ಕಥೆಗೆ ಮರಳುತ್ತೇನೆ. ಗುಳ್ಳೆ ನಿಂತ ಮೇಲೆ ಬಾಟಲಿಗೆ ತುಂಬಿ ಎಂದು ಡಬ್ಬಿಯ ಮೇಲೆ ಬರೆದಿತ್ತು. ಇರಲಿ, ಇನ್ನೊಂದು ವಾರ ಕಾಯೋಣ ಎಂದು ಕಾದೆ. ಹನ್ನೆರಡನೆಯ ದಿನ ನಲವತ್ತಕ್ಕೂ ಹೆಚ್ಚು ಗಾಜಿನ ಬಾಟಲಿ ತೊಳೆದು ಸಾಲಾಗಿ ಜೋಡಿಸಿದೆ. ಗೆಳತಿ ಒಳಗೆ ಬಂದವಳು, ಎಷ್ಟು ತೋರಿಸಿತು ಎಂದು ಕೇಳಿದಳು. ಹೈಡ್ರೋಮೀಟರಿನ ಲೆಕ್ಕ ಕೇಳುತ್ತಿದ್ದಳು. ನಾನು ಅಳೆದಿರಲಿಲ್ಲ. ಮುಚ್ಚಳ ತೆಗೆಯಬಾರದಲ್ಲ ಎಂದೆ. ಅವಳು ನಗಲಿಲ್ಲ. ಬಾಟಲಿಗಳನ್ನು ಪಕ್ಕಕ್ಕೆ ಸರಿಸಿದಳು.

ಹೈಡ್ರೋಮೀಟರ್ ಎಂದರೆ ತೇಲುವ ಗಾಜಿನ ಕಡ್ಡಿ. ನೀರಿನಲ್ಲಿ 1.000 ತೋರಿಸುತ್ತದೆ; ಸಕ್ಕರೆ ಹೆಚ್ಚಿದ್ದಷ್ಟೂ ಮೇಲೆ ತೇಲುತ್ತದೆ. ಮೊದಲ ದಿನ ನನ್ನ ಬಿಯರ್ 1.042 ಇತ್ತು. ಸಕ್ಕರೆ ಖರ್ಚಾಗಿ 1.010ರ ಆಸುಪಾಸಿಗೆ ಇಳಿಯಬೇಕಿತ್ತು. ಅವತ್ತು ಅಳೆದಾಗ ಇದ್ದದ್ದು 1.024. ಅರ್ಧದಾರಿಗಿಂತ ಒಂದು ಹೆಜ್ಜೆ ಮುಂದೆ, ಅಷ್ಟೆ. ಕಿಟ್ಟಿನಲ್ಲಿದ್ದ ಯೀಸ್ಟಿಗೆ 18ರಿಂದ 22 ಡಿಗ್ರಿ ಹಿತ. ನನ್ನ ಕೋಣೆಯ 14 ಡಿಗ್ರಿಯಲ್ಲಿ ಅದು ಸತ್ತಿರಲಿಲ್ಲ. ಮುದುಡಿಕೊಂಡು ತಳಕ್ಕೆ ಕೂತಿತ್ತು. ಹಾಗೇ ಬಾಟಲಿಗೆ ತುಂಬಿ ಬಿರಡೆ ಬಿಗಿದಿದ್ದರೆ, ಮುಂದೆ ಯಾವುದೋ ಬೆಚ್ಚಗಿನ ದಿನ ಯೀಸ್ಟ್ ಎಚ್ಚೆತ್ತು ಉಳಿದ ಸಕ್ಕರೆ ತಿನ್ನಲು ಶುರುಮಾಡುತ್ತಿತ್ತು. ಅನಿಲಕ್ಕೆ ಹೊರಹೋಗಲು ದಾರಿಯಿಲ್ಲದೆ ಗಾಜು ಸಿಡಿಯುತ್ತಿತ್ತು. ಅವಳ ಅಪ್ಪನ ಗ್ಯಾರೇಜಿನಲ್ಲಿ ಒಮ್ಮೆ ಹಾಗಾಗಿ ಚೂರುಗಳು ಬಾಗಿಲಿನ ಮರಕ್ಕೆ ನಾಟಿಕೊಂಡಿದ್ದವಂತೆ.

ಏರ್‌ಲಾಕಿನ ಮೌನವನ್ನು ನಾನು ಎರಡು ರೀತಿ ಓದಿಕೊಂಡಿದ್ದೆ. ಮೊದಲು, ಎಲ್ಲ ಸರಿಯಿದೆ ಎಂದು. ಆಮೇಲೆ, ಕೆಲಸ ಮುಗಿಯಿತು ಎಂದು. ಎರಡೂ ನನಗೆ ಅನುಕೂಲವಾದ ಓದುಗಳೇ. ನಿಜ ಹೇಳಬೇಕೆಂದರೆ ಗುಳ್ಳೆಯಿಂದ ಯಾವುದೂ ಖಚಿತವಾಗುವುದಿಲ್ಲ. ಮುಚ್ಚಳ ಸ್ವಲ್ಪ ಸಡಿಲವಿದ್ದರೆ ಅನಿಲ ಅಂಚಿನಿಂದಲೇ ಹೋಗುತ್ತದೆ. ಒಳಗೆ ಕೆಲಸ ನಡೆಯುತ್ತಿದ್ದರೂ ಕೊಳವೆ ಸುಮ್ಮನಿರುತ್ತದೆ. ಕೋಣೆ ಬೆಚ್ಚಗಾದರೆ ಕರಗಿದ್ದ ಅನಿಲ ಮೇಲೆದ್ದು ಬರುತ್ತದೆ. ಯೀಸ್ಟ್ ಮಲಗಿದ್ದರೂ ಕೊಳವೆ ಮಾತಾಡುತ್ತದೆ. ತಿಳಿಯಬೇಕೆಂದರೆ ಅಳೆಯಬೇಕು. ಅಳೆಯಬೇಕೆಂದರೆ ತೆರೆಯಬೇಕು. ತೆರೆದರೆ ಕೆಡುವ ಭಯ. ನನ್ನ ಪ್ರಬಂಧ ಮೂರು ವರ್ಷ ಸುತ್ತುಹಾಕಿಕೊಂಡು ಹೋಗಿದ್ದ ಗಂಟು ಇಲ್ಲಿತ್ತು.

ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಚೀನೀ ಚಿಂತಕ ಮೆನ್ಶಿಯಸ್ ಹೇಳಿದ ಒಂದು ಕಥೆ ನೀತಿಶಾಸ್ತ್ರದ ತರಗತಿಗಳಲ್ಲಿ ಬರುತ್ತದೆ. ಸೊಂಗ್ ರಾಜ್ಯದ ಒಬ್ಬ ರೈತನಿಗೆ ತನ್ನ ಸಸಿಗಳು ಬೆಳೆಯುತ್ತಿಲ್ಲ ಎಂಬ ಚಿಂತೆ. ಒಂದು ದಿನ ಹೊಲಕ್ಕೆ ಹೋಗಿ ಒಂದೊಂದು ಸಸಿಯನ್ನೂ ಸ್ವಲ್ಪ ಸ್ವಲ್ಪ ಮೇಲಕ್ಕೆ ಎಳೆದು, ಇವತ್ತು ಸಸಿಗಳಿಗೆ ಬೆಳೆಯಲು ಸಹಾಯ ಮಾಡಿ ಬಂದೆ, ಸುಸ್ತಾಯಿತು ಎಂದು ಮನೆಯಲ್ಲಿ ಹೇಳುತ್ತಾನೆ. ಮಗ ಓಡಿಹೋಗಿ ನೋಡಿದರೆ ಎಲ್ಲವೂ ಬಾಡಿಹೋಗಿವೆ. ನಮಗೆಲ್ಲ ನೆನಪಿರುವುದು ಇಷ್ಟೇ. ಆದರೆ ಮೆನ್ಶಿಯಸ್ ಅಲ್ಲಿಗೆ ನಿಲ್ಲಿಸುವುದಿಲ್ಲ. ಏನೂ ಪ್ರಯೋಜನವಿಲ್ಲವೆಂದು ಸಸಿಗಳನ್ನು ಬಿಟ್ಟುಬಿಡುವವರೂ ಇದ್ದಾರೆ, ಅವರು ಕಳೆಯನ್ನೂ ಕೀಳುವುದಿಲ್ಲ ಎನ್ನುತ್ತಾನೆ. ಎಳೆಯುವವನ ಪಕ್ಕದಲ್ಲೇ ಕಳೆ ಕೀಳದವನನ್ನೂ ನಿಲ್ಲಿಸುತ್ತಾನೆ. ಮೊದಲನೆಯವನನ್ನು ನೋಡಿ ನಕ್ಕಿದ್ದ ನಾನು ಎರಡನೆಯವನನ್ನು ಗಮನಿಸಿಯೇ ಇರಲಿಲ್ಲ. ಅಮ್ಮ ಸಸಿ ಎಳೆಯುವವಳು ಎಂದು ಬೇಸರಪಡುತ್ತಾ, ನಾನು ಹೊಲದ ಕಡೆಗೇ ಹೋಗದವಳಾಗಿದ್ದೆ.

ಮಿಲ್‌ನ ಪುಸ್ತಕದಲ್ಲೂ ಇಂಥ ಒಂದು ಜಾಗವಿದೆ. ಕುಸಿಯಲಿರುವ ಸೇತುವೆಯತ್ತ ಒಬ್ಬ ಹೆಜ್ಜೆ ಇಡುತ್ತಿದ್ದಾನೆ, ಎಚ್ಚರಿಸಲು ಸಮಯವಿಲ್ಲ. ಹಿಡಿದು ಹಿಂದಕ್ಕೆಳೆದರೆ ಅವನ ಸ್ವಾತಂತ್ರ್ಯಕ್ಕೇನೂ ಧಕ್ಕೆಯಿಲ್ಲ ಎನ್ನುತ್ತಾನೆ ಮಿಲ್, ಏಕೆಂದರೆ ಹೊಳೆಗೆ ಬೀಳುವುದು ಅವನ ಬಯಕೆಯಲ್ಲ. ಅಪಾಯ ಖಚಿತವಲ್ಲ, ಸಾಧ್ಯತೆ ಮಾತ್ರ ಎಂದಾದರೆ ಎಚ್ಚರಿಸಬೇಕು, ತಡೆಯಬಾರದು. ಈ ಉದಾಹರಣೆಯ ಮೇಲೆ ನಾನು ಒಂದು ಅಧ್ಯಾಯವನ್ನೇ ಬರೆದಿದ್ದೇನೆ. ಆದರೂ ಕಣ್ಣಿಗೆ ಬೀಳದಿದ್ದದ್ದು ಒಂದು ಸರಳ ಸಂಗತಿ: ಎಳೆಯಬೇಕೋ ಎಚ್ಚರಿಸಬೇಕೋ ಸುಮ್ಮನಿರಬೇಕೋ ಎಂಬ ಪ್ರಶ್ನೆ ಏಳುವುದು ಸೇತುವೆಯ ಬಳಿ ಯಾರಾದರೂ ನಿಂತಿದ್ದರೆ ಮಾತ್ರ. ನಾನು ಅಲ್ಲಿ ಇರಲೇ ಇಲ್ಲ. ಮನೆಯಲ್ಲಿ ಕೂತು, ದಾರಿಹೋಕರನ್ನು ನಾನು ತಡೆಯುವುದಿಲ್ಲ ಎಂದು ಹೆಮ್ಮೆಪಡುವವನನ್ನು ಯಾರೂ ಸ್ವಾತಂತ್ರ್ಯಪ್ರೇಮಿ ಎನ್ನುವುದಿಲ್ಲ.

ಕನ್ನಡದಲ್ಲಿ ಈ ವ್ಯತ್ಯಾಸಕ್ಕೆ ಎರಡು ಮಾತುಗಳೇ ಇವೆ. ಬಿಡುವುದು ಬೇರೆ, ಕೈಬಿಡುವುದು ಬೇರೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಎರಡರಲ್ಲೂ ನಾವು ಏನನ್ನೂ ಮಾಡುತ್ತಿಲ್ಲ. ಬಿಡುವವನಿಗೆ ಒಳಗೆ ಏನಾಗುತ್ತಿದೆ ಎಂದು ಗೊತ್ತಿರುತ್ತದೆ, ಬೇಕಾದರೆ ಕೈಹಾಕಲು ಹತ್ತಿರದಲ್ಲೇ ಇರುತ್ತಾನೆ. ಕೈಬಿಟ್ಟವನಿಗೆ ಗೊತ್ತಿರುವುದಿಲ್ಲ, ಗೊತ್ತಿಲ್ಲದಿರುವುದೇ ಅವನಿಗೆ ನೆಮ್ಮದಿ.

ಮರುದಿನ ಭಾನುವಾರ. ಇಲ್ಲಿ ಮಧ್ಯಾಹ್ನ ಹನ್ನೆರಡು, ಕೊಪ್ಪದಲ್ಲಿ ಸಂಜೆ ಐದೂವರೆ. ಮೂರನೆಯ ಸಲಕ್ಕೆ ತಮ್ಮ ಫೋನ್ ಎತ್ತಿದ. ಏನು ಕೇಳಬೇಕೆಂದು ತಿಳಿಯದೆ ಬಿಯರ್ ಕಥೆ ಹೇಳಿದೆ. ನಕ್ಕ. "ಅಮ್ಮಂಗೆ ಗೊತ್ತಾ?" ಎಂದ. ಇಲ್ಲ ಎಂದೆ. ಸ್ವಲ್ಪ ಹೊತ್ತಾದ ಮೇಲೆ ಕೇಳಿದೆ, "ಪರೀಕ್ಷೆ ಹೇಗಾಯ್ತೋ?"

"ಬರೀಲಿಲ್ಲ ಅಕ್ಕ."

ಫೀಸು ಕಟ್ಟಿದ್ದನಂತೆ. ಎರಡು ದಿನವೂ ಬೆಳಗ್ಗೆ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗಿ, ಬಸ್‌ಸ್ಟ್ಯಾಂಡಿನಲ್ಲೇ ಸಂಜೆಯವರೆಗೆ ಕೂತು ವಾಪಸ್ಸು ಬಂದಿದ್ದನಂತೆ. ತಿಂಗಳುಗಳಿಂದ ಸರಿಯಾಗಿ ನಿದ್ದೆಯಿಲ್ಲವಂತೆ. ಯಾಕೋ ನನಗೆ ಹೇಳಲಿಲ್ಲ ಎಂದು ಕೇಳಿದೆ. ಹಾಗೆ ಕೇಳಲು ನನಗೆ ಯಾವ ಹಕ್ಕೂ ಇರಲಿಲ್ಲ. ಅವನು ಸಿಟ್ಟಿಲ್ಲದೆ ಹೇಳಿದ: "ಅಮ್ಮ ದಿನಕ್ಕೆ ಹತ್ತು ಸಲ ಕೇಳ್ತಾಳೆ. ನೀನು ಒಂದು ಸಲಾನೂ ಕೇಳಲ್ಲ. ಇಬ್ಬರಿಗೂ ಉತ್ತರ ಬೇಕಾಗಿಲ್ಲ."

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಅಮ್ಮನದು ಪ್ರೀತಿಯ ಕಾಟ, ನನ್ನದು ಗೌರವದ ಮೌನ ಎಂದು ನಾನು ವಿಂಗಡಿಸಿಟ್ಟಿದ್ದೆ. ಅವನ ಕಡೆಯಿಂದ ನೋಡಿದರೆ ಎರಡರಲ್ಲೂ ಅವನು ಒಂಟಿ. ಹತ್ತು ಸಲ ಕೇಳುವಾಗ ಅಮ್ಮನಿಗೆ ಬೇಕಿದ್ದದ್ದು ಚೆನ್ನಾಗಿದೀನಿ ಎಂಬ ಒಂದೇ ಉತ್ತರ. ಅವನು ಕೊಟ್ಟದ್ದೂ ಅದನ್ನೇ.

ಹಾಗಾದರೆ ಕೇಳುವುದು ಹೇಗೆ? ಬಿಯರ್ ಅಳೆಯುವುದಕ್ಕೆ ಒಂದು ಕ್ರಮವಿದೆ. ಕೈ, ಕೊಳವೆ, ಎಲ್ಲವನ್ನೂ ಮೊದಲು ಶುಚಿಮಾಡಿಕೊಳ್ಳಬೇಕು. ಬೇಕಾದಷ್ಟೇ, ಒಂದು ಸಣ್ಣ ಲೋಟದಷ್ಟು ತೆಗೆದು ತಕ್ಷಣ ಮುಚ್ಚಬೇಕು. ತೆಗೆದದ್ದನ್ನು ಮರಳಿ ಬಕೆಟ್ಟಿಗೆ ಸುರಿಯಬಾರದು. ಒಂದು ಸಲದ ಅಳತೆಯನ್ನು ನೆಚ್ಚಬಾರದು. ಎರಡು ಮೂರು ದಿನ ಬಿಟ್ಟು ಮತ್ತೆ ಅಳೆದಾಗ ಅದೇ ಅಂಕಿ ಬಂದರೆ ಮಾತ್ರ ಕೆಲಸ ಮುಗಿದಿದೆ ಎಂದರ್ಥ. ಸಣ್ಣ ಮಾದರಿಯಿಂದ ಎಷ್ಟನ್ನು ತಿಳಿಯಬಹುದು ಎಂಬ ಪ್ರಶ್ನೆಗೆ ಸಂಖ್ಯಾಶಾಸ್ತ್ರದಲ್ಲಿ ಉತ್ತರ ಕಂಡುಕೊಟ್ಟವನೂ ಬಿಯರಿನವನೇ: ಡಬ್ಲಿನ್ನಿನ ಗಿನ್ನೆಸ್ ಕಾರ್ಖಾನೆಯಲ್ಲಿದ್ದ ವಿಲಿಯಂ ಗೊಸೆಟ್. 1908ರಲ್ಲಿ 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ ಅವನು ಪ್ರಕಟಿಸಿದ ಲೇಖನವೇ ಇವತ್ತು ಎಲ್ಲ ಸಂಶೋಧನಾ ವಿದ್ಯಾರ್ಥಿಗಳೂ ಕಲಿಯುವ ಟಿ-ಪರೀಕ್ಷೆಯ ಮೂಲ. ಮಾದರಿ ಸಣ್ಣದಿದ್ದಷ್ಟೂ ನಮ್ಮ ಖಾತ್ರಿಯೂ ಕಡಿಮೆಯಿರಬೇಕು ಎಂಬುದನ್ನು ಅವನು ಲೆಕ್ಕಕ್ಕೆ ತಂದ. ನಾನು ಐದು ತಿಂಗಳು ಅಮ್ಮನ ಬಾಯಿಂದ ಕೇಳಿದ ಒಂದು "ಚೆನ್ನಾಗಿದೀನಿ"ಯ ಮೇಲೆ ನಿಂತಿದ್ದೆ.

ಇಲ್ಲಿ ಒಂದು ಆಕ್ಷೇಪ ಏಳಬೇಕು, ಏಳುತ್ತದೆ. ತಮ್ಮ ಬಕೆಟ್ಟಲ್ಲ. ಯೀಸ್ಟಿಗೆ ಗುಟ್ಟುಗಳಿಲ್ಲ, ಮನುಷ್ಯನಿಗಿವೆ. ಮುಚ್ಚಳ ತೆಗೆಯಬೇಡ ಎನ್ನುವ ಹಕ್ಕು ಅವನಿಗಿದೆ, ಅದನ್ನು ನಾನು ಈಗಲೂ ನಂಬುತ್ತೇನೆ. ಅವನನ್ನು ಅಳೆದು ನೋಡುವವಳು ನಾನಾದರೆ, ಸಸಿ ಎಳೆಯುವ ರೈತನಿಗೂ ನನಗೂ ಏನು ವ್ಯತ್ಯಾಸ? ಬಹಳ ಯೋಚಿಸಿದ ಮೇಲೆ ನನಗೆ ತೋರಿದ್ದು ಇಷ್ಟು. ಬಕೆಟ್ಟಿಗೂ ಅವನಿಗೂ ಇರುವ ದೊಡ್ಡ ವ್ಯತ್ಯಾಸ ಎಂದರೆ ಅವನನ್ನು ಕೇಳಬಹುದು. ಕೇಳಿದರೆ ಅವನು ಹೇಳಬಹುದು, ಹೇಳದಿರಬಹುದು. ನನ್ನನ್ನು ಬಿಟ್ಟುಬಿಡು ಎಂದು ಅವನೇ ಹೇಳಿದರೆ ಬಿಡುವುದು ಗೌರವ. ಕೇಳದೆಯೇ, ಅವನ ಪರವಾಗಿ ಆ ಮಾತನ್ನು ನಾನೇ ಹೇಳಿಕೊಂಡು ಬಿಟ್ಟೆನಲ್ಲ, ಅದು ಅವನ ಆಯ್ಕೆಯಲ್ಲ, ನನ್ನದು. ಅವನ ಬದಲು ನಾನು ತೀರ್ಮಾನ ಮಾಡಿದ್ದೆ. ತಲೆಹಾಕುವವರ ಮೇಲೆ ನಾನು ಹೊರಿಸುತ್ತಿದ್ದ ಆರೋಪವೂ ಇದೇ ಆಗಿತ್ತು.

ಬಕೆಟ್ಟನ್ನು ಅಡುಗೆಮನೆಗೆ, ಬಿಸಿನೀರಿನ ಬಾಯ್ಲರಿನ ಪಕ್ಕಕ್ಕೆ ಸಾಗಿಸಿದೆವು. ಊರಿಂದ ತಂದಿದ್ದ ಕಂಬಳಿ ಸುತ್ತಿದೆ. ಮುಚ್ಚಳ ತೆಗೆಯದೆ, ತಳದ ಯೀಸ್ಟ್ ಏಳುವಷ್ಟು ಮೆಲ್ಲಗೆ ಒಮ್ಮೆ ತಿರುಗಿಸಿದೆ. ಕಂಬಳಿ ಸುತ್ತುವಾಗಲೇ ನೆನಪಾದದ್ದು: ಮಳೆಗಾಲದಲ್ಲಿ ಅಜ್ಜಿ ದೋಸೆಹಿಟ್ಟಿನ ಪಾತ್ರೆಗೂ ಹೀಗೇ ಹಳೇ ಕಂಬಳಿ ಸುತ್ತಿ ಬಚ್ಚಲೊಲೆಯ ಪಕ್ಕ ಇಡುತ್ತಿದ್ದಳು. ರಾತ್ರಿ ಮಲಗುವ ಮುಂಚೆ ಅಂಗೈಯಿಂದ ಪಾತ್ರೆಯ ಹೊರಮೈ ಮುಟ್ಟಿ ನೋಡುತ್ತಿದ್ದಳು. ತಣ್ಣಗಿದ್ದರೆ ಒಲೆಗೆ ಇನ್ನೊಂದು ಕುಂಟೆ ನೂಕುತ್ತಿದ್ದಳು. ನಮಗೆ ಮುಟ್ಟಬೇಡ ಎನ್ನುತ್ತಿದ್ದ ಅಜ್ಜಿ ತಾನು ಮುಟ್ಟಿ ನೋಡುತ್ತಲೇ ಇದ್ದಳು. ಅವಳು ಬಿಟ್ಟಿದ್ದಳು, ಕೈಬಿಟ್ಟಿರಲಿಲ್ಲ. ನಾನು ಅವಳ ಮಾತನ್ನು ಮಾತ್ರ ಕೇಳಿಸಿಕೊಂಡಿದ್ದೆ.

ಇಪ್ಪತ್ತನೆಯ ದಿನ 1.012. ಇಪ್ಪತ್ತಮೂರನೆಯ ದಿನವೂ 1.012. ಬಾಟಲಿ ತುಂಬಿದೆವು.

ತಮ್ಮನ ವಿಷಯ ಅಷ್ಟು ಸುಲಭವಾಗಿರಲಿಲ್ಲ. ಪರೀಕ್ಷೆಯ ಗುಟ್ಟು ಈಗ ನನ್ನ ಬಳಿಯೂ ಇತ್ತು, ಅಮ್ಮ ಪ್ರತಿ ವಾರ ಫಲಿತಾಂಶ ಯಾವಾಗ ಎಂದು ಕೇಳುತ್ತಿದ್ದಳು. ಅವನನ್ನೇ ಕೇಳು ಎನ್ನುತ್ತಿದ್ದೆ. ಆ ಉತ್ತರ ಸರಿಯಿತ್ತೇ ಎಂದು ಈಗಲೂ ಖಚಿತವಿಲ್ಲ. ಅವನಿಗೆ ನಾನು ಹೇಳಿದ್ದು ಎರಡೇ: ನಿದ್ದೆಯ ಬಗ್ಗೆ ಒಬ್ಬ ಡಾಕ್ಟರನ್ನು ನೋಡು, ಮತ್ತು ಪ್ರತಿ ಭಾನುವಾರ ಇದೇ ಹೊತ್ತಿಗೆ ಫೋನ್ ಮಾಡುತ್ತೇನೆ, ಎತ್ತದಿದ್ದರೂ ಪರವಾಗಿಲ್ಲ. ನಾಲ್ಕು ಭಾನುವಾರಗಳಲ್ಲಿ ಎರಡು ಸಲ ಎತ್ತಿದ. ಡಾಕ್ಟರ ಬಳಿಗೆ ಹೋಗಲು ಒಂದು ತಿಂಗಳು ತೆಗೆದುಕೊಂಡ. ಜನವರಿಯಲ್ಲಿ ಅಮ್ಮನಿಗೆ ತಾನೇ ಹೇಳಿದ. ಅಮ್ಮ ಎರಡು ದಿನ ಮಾತಾಡಲಿಲ್ಲವಂತೆ. ಮೂರನೆಯ ದಿನ ಕಡುಬು ಮಾಡಿ, ತಟ್ಟೆ ಹಿಡಿದು ತಾನೇ ಅಟ್ಟ ಹತ್ತಿ ಹೋಗಿ, ಏನೂ ಕೇಳದೆ ಪಕ್ಕದಲ್ಲಿ ಕೂತಿದ್ದಳಂತೆ. ಪರೀಕ್ಷೆ ಮುಂದಿನ ಸಲ ಬರೆಯುತ್ತಾನೋ ಇಲ್ಲವೋ ಇನ್ನೂ ಗೊತ್ತಿಲ್ಲ. ಅದು ಅವನಿಗೆ ಬಿಟ್ಟದ್ದು. ಈಗ ಆ ಮಾತನ್ನು ಸ್ವಲ್ಪ ಕಡಿಮೆ ನಾಚಿಕೆಯಿಂದ ಹೇಳಬಲ್ಲೆ.

ಈ ಬರಹವನ್ನು ಕಳಿಸುವ ಮುಂಚೆ ತಮ್ಮನಿಗೆ ಓದಲು ಕೊಟ್ಟೆ. ಬೇಡವೆಂದರೆ ಬೇಡ ಎಂದಿದ್ದೆ. ಎರಡು ದಿನದ ಮೇಲೆ ಉತ್ತರ ಬಂತು: ಹಾಕು, ಆದರೆ ಅಮ್ಮ ಕೇಳುತ್ತಿದ್ದದ್ದು ದಿನಕ್ಕೆ ಹತ್ತು ಸಲವಲ್ಲ, ಇಪ್ಪತ್ತು. ಜೊತೆಗೆ ಇನ್ನೊಂದು ಸಾಲಿತ್ತು. ಇದು ಪ್ರಕಟವಾಗುವುದರೊಳಗೆ ಬಿಯರ್ ವಿಷಯ ಅಮ್ಮನಿಗೆ ನೀನೇ ಹೇಳುವುದು ಒಳ್ಳೆಯದು.

ಈ ಭಾನುವಾರ ಹೇಳಬೇಕು.